ತಿರುವಿನ ಮೂಲೆಯ ಬೋರ್ಡು

ಪರದೆ ಇನ್ನೂ ಸರಿದಿರಲಿಲ್ಲ, ಆಗಲೇ ನನಗೆ ತಪ್ಪು ಕಂಡಿತು. ನನ್ನ ಗಂಡನ ನೆನಪಿಗೆಂದು ಮಾಡಿಸಿದ ಆಳೆತ್ತರದ ಬೋರ್ಡನ್ನು ನೆಟ್ಟಿದ್ದು ಸರಿಯಾಗಿ ತಿರುವಿನ ಮೂಲೆಯಲ್ಲಿ. ಒಂದು ಕಡೆ ಶಾಲೆಯ ಗೇಟು, ಇನ್ನೊಂದು ಕಡೆ ಬಸ್ಸು ಇಳಿದು ಬರುವ ಇಳಿಜಾರು.

ಹಿಂದೊಮ್ಮೆ ಆ ಮೂಲೆಯಲ್ಲಿ ಒಂದು ಮಗುವಿಗೆ ಬಸ್ಸು ಬಡಿದಿತ್ತು. ಅಂದಿನಿಂದ ನನ್ನ ಗಂಡ, ಈ ಟೈಲರ್ ಮಹಾಶಯರು, ಅಂಗಡಿ ಬಿಟ್ಟು ರಸ್ತೆ ಹಿಡಿದರು. ಕಚೇರಿಗಳಿಗೆ ಅಲೆದು ರಸ್ತೆಗೆ ಉಬ್ಬು ಹಾಕಿಸಿದರು, ಬಸ್ ನಿಲ್ದಾಣವನ್ನು ಇಳಿಜಾರಿನ ಮೇಲಕ್ಕೆ ಹಾಕಿಸಿದರು. ಮೂಲೆಯಲ್ಲಿ ನೋಟಕ್ಕೆ ಅಡ್ಡವಾಗಿ ಗಿಡ ಎದ್ದರೆ ಬಟ್ಟೆ ಕತ್ತರಿಸುವ ಕತ್ತರಿಯಲ್ಲೇ ಸವರಿ ಬಂದು, ಆಮೇಲೆ ಅದೇ ಮೊಂಡು ಕತ್ತರಿಯಿಂದ ಗಿರಾಕಿಗಳ ಪ್ಯಾಂಟು ಕೆಡಿಸಿ ಬೈಸಿಕೊಂಡರು. ನಾನೂ ಬೈದಿದ್ದೇನೆ, ಸುಳ್ಳು ಯಾಕೆ ಹೇಳಲಿ.

"ಅತ್ತಿಗೆ, ಪರದೆ ಎಳೀರಿ," ಎಂದ ಮೈದುನ. ಬೋರ್ಡು ಬರೆಯುವುದೇ ಅವನ ಕಸುಬು. ಅಣ್ಣ ಹೋದಾಗಿನಿಂದ ಊಟ ನಿದ್ದೆ ಬಿಟ್ಟು ಇದೊಂದನ್ನೇ ಬರೆದಿದ್ದ.

"ಇಲ್ಲಿ ಬೇಡ. ಬೇರೆ ಕಡೆ ಹಾಕು."

ಬಡಾವಣೆ ಸಂಘದ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಅವರು ದುಡಿದ ಜಾಗ ಇದೇ ಅಲ್ವೇನಮ್ಮ? ಕಾಂಕ್ರೀಟೂ ಹಾಕಿ ಆಯ್ತು."

"ಬಸ್ಸಿನವರಿಗೆ ಮಕ್ಕಳು ಕಾಣಲ್ಲ. ಇನ್ನೇನು ಶಾಲೆ ಬಿಡತ್ತೆ."

"ಉಬ್ಬು ಇದೆಯಲ್ಲ. ನಾಳೆ ನೋಡೋಣ ಬಿಡಿ."

ಈ 'ನಾಳೆ ನೋಡೋಣ' ಕೇಳಿ ಕೇಳಿಯೇ ನನ್ನ ಗಂಡನ ಚಪ್ಪಲಿ ಸವೆದದ್ದು.

ಮೈದುನನ ಮುಖ ಇಷ್ಟು ಚಿಕ್ಕದಾಯಿತು. "ನಾನು ಬರೆದದ್ದನ್ನ ನೀವಿನ್ನೂ ನೋಡೇ ಇಲ್ಲ," ಎಂದವನೇ ತಾನೇ ಪರದೆ ಎಳೆದುಬಿಟ್ಟ.

ಬೋರ್ಡಿನ ಮೇಲಿಂದ ನನ್ನ ಗಂಡ ನನ್ನನ್ನೇ ನೋಡಿ ನಗುತ್ತಿದ್ದರು. ಅದೇ ಓರೆ ನಗು, ಕುತ್ತಿಗೆಯಲ್ಲಿ ಅಳತೆಯ ಟೇಪು. ಇರಲಿ ಬಿಡು, ಇವತ್ತೊಂದು ದಿನ ಇರಲಿ ಎಂದು ನನ್ನ ಮನಸ್ಸೇ ಗೋಗರೆಯಿತು.

ಶಾಲೆಯ ಗಂಟೆ ಹೊಡೆಯಿತು. ಮೇಲಿನ ನಿಲ್ದಾಣದಿಂದ ಬಸ್ಸು ಹೊರಡುವುದರಲ್ಲಿತ್ತು. ಮೈದುನನ ತೋಳು ಹಿಡಿದು ದರದರ ಎಳೆದುಕೊಂಡು ಇಳಿಜಾರು ಹತ್ತಿ, ಬಸ್ಸಿಗೆ ಅಡ್ಡ ನಿಂತೆ.

"ಜೀವ ಬೇಡವೇನಮ್ಮ?" ಎಂದ ಡ್ರೈವರ್. ಗುರುತು ಹತ್ತಿದ ಮೇಲೆ ದನಿ ಇಳಿಸಿದ. "ಟೈಲರ್ ಮನೆಯವರಾ?"

"ಒಂದು ನಿಮಿಷ ಇಳಿಯಪ್ಪ. ಇವನು ನಿನ್ನ ಸೀಟಲ್ಲಿ ಕೂರಲಿ."

ಮೈದುನ ಕೂತ. ನಾನು ಪಕ್ಕದಲ್ಲಿ ಬಗ್ಗಿ ನಿಂತೆ. ಮುಂದಿನ ಗಾಜಿನಾಚೆ, ತಿರುವಿನಲ್ಲಿ, ಅವರ ಮುಖವೇ ಮುಖ.

"ಅಣ್ಣ ಎಷ್ಟು ಚೆನ್ನಾಗಿ ಕಾಣ್ತಾನೆ," ಎಂದು ಅವನು ಕಣ್ಣೊರೆಸಿಕೊಂಡ.

"ಚೆನ್ನಾಗೇ ಬರೆದಿದೀಯ. ನಿಮ್ಮಣ್ಣನ ಹಿಂದೆ ಏನಿದೆ ಹೇಳು."

ಅವನು ಬಾಯಿ ತೆರೆಯುವ ಮೊದಲೇ ಬೋರ್ಡಿನ ಅಂಚಿನಿಂದ ಪುಟ್ಟ ಹುಡುಗಿಯೊಬ್ಬಳು ರಸ್ತೆಗೆ ಓಡಿಬಂದಳು. ಅವಳ ಬೆನ್ನಿಗೇ ಇನ್ನಿಬ್ಬರು. ಬಸ್ಸು ನಿಂತೇ ಇತ್ತು. ಆದರೂ ಮೈದುನನ ಕಾಲು ಬ್ರೇಕನ್ನು ಒತ್ತಿ ಹಿಡಿಯಿತು, ಮಕ್ಕಳು ದಾಟಿದ ಮೇಲೂ ಬಿಡಲಿಲ್ಲ.

"ಬೋಲ್ಟು ಬಿಚ್ಚೋಕೆ ಪಾನಾ ಇದೆಯಾ?" ಎಂದು ಅವನು ಡ್ರೈವರನ್ನು ಕೇಳಿದ.

ಕಂಬಗಳು ಕಾಂಕ್ರೀಟಿನಲ್ಲೇ ಉಳಿದವು. ಬೋರ್ಡನ್ನು ಅವನೇ ಬಿಚ್ಚಿದ. ನನ್ನ ಗಂಡನ ಮುಖ ನೆಲಕ್ಕೆ ತಾಗದಂತೆ ನಾನು ಕೆಳಗಿನಿಂದ ಹಿಡಿದುಕೊಂಡೆ. ಸತ್ತ ಮೇಲೂ ಈ ಮನುಷ್ಯನನ್ನು ರಸ್ತೆಯಿಂದ ಮನೆಗೆ ಕರೆದೊಯ್ಯುವ ಕೆಲಸ ನನ್ನ ತಲೆಗೇ ಬಂತಲ್ಲ ಎಂದು ಬೈದುಕೊಳ್ಳುತ್ತ, ಅಳುತ್ತ, ರಸ್ತೆಯ ಎರಡೂ ಕಡೆ ನೋಡಿ ದಾಟಿದೆ.