ನಿಧಾನವಾಗಿ ಏಳುವವರು

ಹೆಣದ ಪೆಟ್ಟಿಗೆ ಮೇಲೆದ್ದ ಕೂಡಲೇ ಲವೆಲ್ ಪ್ರುಯಿಟ್‌ಗೆ ಏನೋ ಸರಿಯಿಲ್ಲ ಅನ್ನಿಸಿತು. ಚರ್ಚಿನ ಮೆಟ್ಟಿಲು ಇಳಿಯುವಷ್ಟರಲ್ಲಿ ತನ್ನ ತೋಳು ಕಳಚಿ ಬೀಳುತ್ತದೆ ಎಂದು ಅವನು ಬೆಳಿಗ್ಗೆಯಿಂದ ಹೆದರಿದ್ದ. ರೋಜೆಲ್ ಟಿಬ್ಸ್ ಸಣ್ಣ ಆಳಲ್ಲ. ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತರೆ ಕುರ್ಚಿಯ ಕೈಗಳು ಕಾಣುತ್ತಿರಲಿಲ್ಲ. ಅಂಥವನು ಇವತ್ತು ಖಾಲಿ ಬೀರುವಿನ ಹಾಗೆ ಸಲೀಸಾಗಿ ಮೇಲೆ ಬಂದಿದ್ದ.

"ಕ್ಲಿಯೋಫಸ್, ಇದು ತೀರಾ ಹಗುರ ಇದೆ ಕಣೋ," ಎಂದು ಹಿಂದಿದ್ದವನಿಗೆ ಪಿಸುಗುಟ್ಟಿದ.

"ಆರು ಜನ ಹೊತ್ರೆ ಹಗುರವೇ ಇರತ್ತೆ. ಬಾಯ್ಮುಚ್ಕೊಂಡು ಮೆಟ್ಟಿಲು ನೋಡು."

ಕ್ಲಿಯೋಫಸ್ ಕ್ಷೌರದಂಗಡಿಯ ಯಜಮಾನ. ಕ್ಲೀವ್‌ಲ್ಯಾಂಡಿನ ಪೂರ್ವಭಾಗದ ಗಂಡಸರ ತಲೆಯೆಲ್ಲ ಅವನ ಕೈಯಲ್ಲೇ ನರೆತದ್ದು. ಅವನ ಮಾತಿಗೆ ಲವೆಲ್ ಸುಮ್ಮನಾದ, ಆದರೆ ಅನುಮಾನ ಸುಮ್ಮನಾಗಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತುಹೋಯಿತು ಎಂದಿದ್ದಳು ರೋಜೆಲ್‌ನ ಹೆಂಡತಿ ಅರ್ಲೀನ್. ಹಾಗೆ ಸತ್ತವನು ಇಷ್ಟು ಹಗುರವಾಗುವುದು ಹೇಗೆ?

ಅದಕ್ಕಿಂತ ದೊಡ್ಡ ಅನುಮಾನ ಪೆಟ್ಟಿಗೆಯ ಆ ಬದಿಯಲ್ಲಿತ್ತು. ತನಗೆ ಎದುರಾಗಿ ಹಿಡಿ ಹಿಡಿದಿದ್ದ ಮುದುಕನನ್ನು ಲವೆಲ್ ಜನ್ಮದಲ್ಲಿ ನೋಡಿರಲಿಲ್ಲ. ಆದರೂ ಅರ್ಲೀನ್ ಅವನನ್ನು ಮನೆಯವರ ಸಾಲಿನಲ್ಲಿ ಕೂರಿಸಿದ್ದಳು, ಹೊರುವವರ ಬಿಳಿ ಕೈಗವಸು ಕೊಟ್ಟಿದ್ದಳು. ಅವನ ಕೊರಳಲ್ಲಿ ಕಡುನೀಲಿ, ಕಿತ್ತಳೆ ಪಟ್ಟೆಯ ಟೈ. ಶಿಕಾಗೋ ಫುಟ್‌ಬಾಲ್ ತಂಡದ ಬಣ್ಣ. ರೋಜೆಲ್ ವರ್ಷಕ್ಕೊಮ್ಮೆ ಅಕ್ಕನನ್ನು ನೋಡುವ ನೆಪದಲ್ಲಿ ಶಿಕಾಗೋಗೆ ಹೋಗುತ್ತಿದ್ದ. ಅಕ್ಕ ತೀರಿಕೊಂಡ ಮೇಲೂ ಹೋಗುವುದನ್ನು ಬಿಟ್ಟಿರಲಿಲ್ಲ. ಅಲ್ಲಿ ಯಾವಳೋ ಇದ್ದಾಳೆ ಎಂದು ಲವೆಲ್ ಎಂದೋ ತೀರ್ಮಾನಿಸಿದ್ದ. ಇವನು ಅವಳ ಕಡೆಯ ಆಸಾಮಿ ಇರಬೇಕು.

ಲವೆಲ್ ಹೀಗೆಯೇ. ಆಯಸ್ಸಿನ ಮುಕ್ಕಾಲು ಪಾಲು ಊರಿನ ಬಸ್ಸು ಓಡಿಸಿದವನು. ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ನೋಡಿ ನೋಡಿ ಅವನಿಗೆ ಲೋಕದ ಜನರೆಲ್ಲ ಟಿಕೆಟಿಲ್ಲದೆ ಹತ್ತಿದವರಂತೆ ಕಾಣುತ್ತಿದ್ದರು.

* * *

ಶನಿವಾರ ಬೆಳಿಗ್ಗೆ ಕ್ಲಿಯೋಫಸ್‌ನ ಅಂಗಡಿಯಲ್ಲಿ ಒಂದೇ ವ್ಯಾಜ್ಯ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಗೆ ನುಗ್ಗಿ ಓಡಿದವರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು? ಕ್ಲೀವ್‌ಲ್ಯಾಂಡಿನಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ, ಜಿಮ್ ಬ್ರೌನ್. ನಮ್ಮೂರಿನ ತಂಡದವನು. ಹುಡುಗರು ಡೆಟ್ರಾಯಿಟ್‌ನ ಬ್ಯಾರಿ ಸ್ಯಾಂಡರ್ಸ್ ಹೆಸರೆತ್ತಿದರೆ ಪಾಪ ಎಂದು ಒಂದಿಷ್ಟು ಹೊತ್ತು ಕೇಳಿಸಿಕೊಂಡು ಕಳಿಸುತ್ತಿದ್ದರು.

ಆದರೆ ರೋಜೆಲ್ ಹುಡುಗನಲ್ಲ. ಶಾಲೆಗಳ ಬಾಯ್ಲರ್ ರಿಪೇರಿ ಮಾಡುತ್ತ ಇದೇ ಊರಲ್ಲಿ ಹಣ್ಣಾದವನು, ಕಾಲ ಮೇಲೆ ಕಾಲು ಹಾಕಿ, "ವಾಲ್ಟರ್ ಪೇಟನ್" ಅನ್ನುತ್ತಿದ್ದ. ಅದೂ ಶಿಕಾಗೋದವನ ಹೆಸರು.

"ಹದಿಮೂರು ವರ್ಷ ಆಡ್ದ. ತಪ್ಪಿಸಿದ್ದು ಒಂದೇ ಒಂದು ಪಂದ್ಯ," ಎನ್ನುತ್ತಿದ್ದ.

"ಬ್ರೌನ್ ಒಂಬತ್ತು ವರ್ಷದಲ್ಲಿ ಒಂದೂ ತಪ್ಪಿಸಲಿಲ್ಲ," ಲವೆಲ್ ಬೆಂಚಿನ ತುದಿಗೆ ಬರುತ್ತಿದ್ದ. "ಇನ್ನೊಂದು ಹೇಳ್ತೀನಿ ಕೇಳು. ಬಿದ್ದ ಪ್ರತಿ ಸಲವೂ ಅವನು ನಿಧಾನವಾಗೇ ಏಳ್ತಿದ್ದ. ಪೆಟ್ಟಾದಾಗ್ಲೂ ಅಷ್ಟೇ, ಆಗದೇ ಇದ್ದಾಗ್ಲೂ ಅಷ್ಟೇ. ಯಾವ ಸಲ ನಿಜವಾಗ್ಲೂ ನೋವಾಯ್ತು ಅಂತ ಎದುರಿನವ್ರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ಅದು ಗಂಡಸ್ತನ."

"ಅದು ಸೋಮಾರಿತನ. ಪೇಟನ್ ಪುಟಿದು ಏಳ್ತಿದ್ದ."

ಅಂಗಡಿಯೆಲ್ಲ ನಗುತ್ತಿತ್ತು. ಲವೆಲ್ ನಗುತ್ತಿರಲಿಲ್ಲ. ಇವನಿಗೆ ನನ್ನ ಮಾತು ಕಿವಿಗೇ ಹೋಗುವುದಿಲ್ಲ, ನನ್ನನ್ನು ಕುಣಿಸಿ ಮಜಾ ತಗೊಳ್ಳಲಿಕ್ಕೇ ಬರುತ್ತಾನೆ ಎಂದು ಅವನಿಗೆ ಮೊದಲಿನಿಂದ ಗುಮಾನಿ.

ಈ ಬೇಸಿಗೆಯಲ್ಲಿ ಆ ಗುಮಾನಿ ಗಟ್ಟಿಯಾಯಿತು. ಕ್ಷೌರ ಮುಗಿದ ಮೇಲೆ ರೋಜೆಲ್ ಕುರ್ಚಿಯಿಂದ ಒಂದು ಕೈಯನ್ನು ಮಂಡಿಗೆ ಊರಿ, ತಲೆ ತಗ್ಗಿಸಿ, ಇಂಚಿಂಚಾಗಿ ಏಳತೊಡಗಿದ. "ನೋಡ್ರೋ, ಜಿಮ್ ಬ್ರೌನ್ ಎದ್ದ," ಎಂದ ಕ್ಲಿಯೋಫಸ್. ರೋಜೆಲ್ ಲವೆಲ್ ಕಡೆ ತಿರುಗಿ ಕಣ್ಣು ಹೊಡೆದ. ಮುಂದಿನ ಶನಿವಾರವೂ ಅದೇ, ಅದರ ಮುಂದಿನ ಶನಿವಾರವೂ ಅದೇ. ಕೊನೆಗೊಂದು ದಿನ ಲವೆಲ್ ಟೋಪಿ ಕೈಗೆತ್ತಿಕೊಂಡ.

"ನನ್ನ ಮಾತನ್ನೇ ಇಟ್ಕೊಂಡು ನನ್ನನ್ನೇ ಆಡ್ಕೋತೀಯಾ? ಇನ್ಮೇಲೆ ನನ್ನ ಜೊತೆ ಮಾತಾಡ್ಬೇಡ ನೀನು."

ರೋಜೆಲ್ ಆಗಲೂ ಎದ್ದು ಮುಗಿಸಿರಲಿಲ್ಲ. ಮುಂದಿನ ವಾರದಿಂದ ಅವನು ಅಂಗಡಿಗೆ ಬರಲಿಲ್ಲ. ಬೇರೆ ಅಂಗಡಿ ಹಿಡಿದಿದ್ದಾನೆ ಎಂದುಕೊಂಡ ಲವೆಲ್.

* * *

ಸ್ಮಶಾನದಲ್ಲಿ ಸರೋವರದ ಕಡೆಯಿಂದ ನವೆಂಬರಿನ ಗಾಳಿ ಬೀಸುತ್ತಿತ್ತು. ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ ಹೊತ್ತವರು ಪದ್ಧತಿಯಂತೆ ಒಬ್ಬೊಬ್ಬರಾಗಿ ಬಿಳಿ ಕೈಗವಸು ಕಳಚಿ ಪೆಟ್ಟಿಗೆಯ ಮೇಲಿಟ್ಟರು. ಅಪರಿಚಿತ ತನ್ನವನ್ನು ಇಟ್ಟು, ಅಂಗೈಯಿಂದ ಮೆಲ್ಲಗೆ ಸವರಿದ. ಲವೆಲ್ ಅವನ ಪಕ್ಕಕ್ಕೆ ಸರಿದ.

"ನೀವು ಯಾರ ಕಡೆಯವ್ರು?"

"ಹ್ಯಾಸ್ಕಿನ್ಸ್ ಅಂತ. ರೋಜೆಲ್ ಕಡೆಯವ್ನೇ."

"ಶಿಕಾಗೋದಿಂದ ಬಂದ್ರಾ? ಟೈ ನೋಡಿದ್ರೇ ಗೊತ್ತಾಗತ್ತೆ."

ಮುದುಕ ಟೈ ಮುಟ್ಟಿಕೊಂಡ. "ಈ ಬಣ್ಣ ಕಂಡ್ರೆ ರೋಜೆಲ್‌ಗೆ ಮೈಯೆಲ್ಲ ಉರೀತಿತ್ತು. ಕೊನೇ ಸಲ ಒಂಚೂರು ಉರೀಲಿ ಅಂತ ಕಟ್ಕೊಂಡ್ ಬಂದೆ."

ಇವನು ಸಿಕ್ಕಿಬಿದ್ದ ಎಂದು ಲವೆಲ್ ಮನಸ್ಸಿನಲ್ಲೇ ಅಂದುಕೊಂಡ. ಪೇಟನ್ನನ್ನು ತಲೆ ಮೇಲೆ ಹೊತ್ತು ಮೆರೆಸಿದ ರೋಜೆಲ್‌ಗೆ ಶಿಕಾಗೋ ಬಣ್ಣ ಕಂಡರೆ ಉರಿಯೇ? ಈ ಮನುಷ್ಯನಿಗೆ ರೋಜೆಲ್ ಯಾರೆಂದೇ ಗೊತ್ತಿಲ್ಲ. ಅರ್ಲೀನ್ ಮುಗ್ಧೆ, ಯಾರೋ ಬಂದು ನೆಂಟ ಅಂದರೆ ನಂಬಿಬಿಟ್ಟಿದ್ದಾಳೆ.

* * *

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹೆಂಗಸರು ಕರಿದ ಕೋಳಿ, ಬೇಯಿಸಿದ ಸೊಪ್ಪು, ಚೀಸು ಹಾಕಿದ ಮ್ಯಾಕರೋನಿ ಬಡಿಸುತ್ತಿದ್ದರು. ಲವೆಲ್ ಬೇಕೆಂತಲೇ ಹ್ಯಾಸ್ಕಿನ್ಸ್‌ನ ಎದುರು ಕೂತ. ಪಕ್ಕದಲ್ಲಿ ಕ್ಲಿಯೋಫಸ್, ಮೇಜಿನ ತಲೆಯಲ್ಲಿ ಅರ್ಲೀನ್.

"ಅರ್ಲೀನ್, ಬೇಜಾರು ಮಾಡ್ಕೋಬೇಡ," ಎಂದು ಲವೆಲ್ ಶುರುಮಾಡಿದ. "ರೋಜೆಲ್ ಪೇಟನ್ ಪೇಟನ್ ಅಂತ ನಮ್ಮ ಜೀವ ತಿಂದೋನು. ಅವನಿಗೆ ಈ ಟೈ ಕಂಡ್ರೆ ಆಗ್ತಿರ್ಲಿಲ್ವಂತೆ. ಹೀಗನ್ನೋ ಮನುಷ್ಯ ನಿಜವಾಗ್ಲೂ ಯಾರು ಅಂತ ವಿಚಾರಿಸಿದೀಯಾ?"

ಹ್ಯಾಸ್ಕಿನ್ಸ್ ಕೋಳಿಯ ತುಂಡನ್ನು ತಟ್ಟೆಗಿಟ್ಟ.

"ಪೇಟನ್ನಾ? ರೋಜೆಲ್ಲಾ?"

"ಹೂಂ, ರೋಜೆಲ್ಲೇ," ಎಂದ ಕ್ಲಿಯೋಫಸ್. "ನನ್ನ ಅಂಗಡೀಲಿ, ಪ್ರತಿ ಶನಿವಾರ."

ಹ್ಯಾಸ್ಕಿನ್ಸ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಗು ನಿಂತಾಗ ಕಣ್ಣು ಒದ್ದೆಯಾಗಿತ್ತು. "ನಮ್ಮ ಬೀದಿಯ ಕ್ಷೌರದಂಗಡೀಲಿ ಅವನು ಪೇಟನ್ ಪರ ಒಂದೇ ಒಂದು ಮಾತಾಡ್ಲಿಲ್ಲ. ಇಡೀ ಶಿಕಾಗೋದಲ್ಲಿ ಜಿಮ್ ಬ್ರೌನ್ ಕಡೆ ಇದ್ದೋನು ಅವನೊಬ್ನೇ. ಒಂದ್ಸಲ ಅರ್ಧ ಕ್ಷೌರಕ್ಕೇ ಎಬ್ಬಿಸಿ ಆಚೆ ಹಾಕಿದ್ರು."

"ಅವ್ರು ರೋಜೆಲ್ ಅಕ್ಕ ವೆಲ್ಮಾಳ ಗಂಡ, ಲವೆಲ್," ಎಂದಳು ಅರ್ಲೀನ್. "ವೆಲ್ಮಾ ಹೋದ್ಮೇಲೆ ಒಂಟಿಯಾಗ್ಬಿಟ್ರು ಅಂತ ರೋಜೆಲ್ ಪ್ರತಿ ವರ್ಷ ಹೋಗಿ ಜೊತೇಲಿ ಇದ್ದು ಬರ್ತಿದ್ರು."

ಲವೆಲ್‌ಗೆ ತಟ್ಟೆಯಿಂದ ಮುಖ ಎತ್ತಲಾಗಲಿಲ್ಲ. ಹ್ಯಾಸ್ಕಿನ್ಸ್ ಮೇಜಿನ ಮೇಲೆ ಬಾಗಿದ.

"ಲವೆಲ್ ಅಂದ್ರಲ್ಲ. ಪ್ರುಯಿಟ್ ಅಂದ್ರೆ ನೀವೇನಾ? ಬಸ್ಸಿನವ್ರು?"

"ಯಾಕೆ?"

"ವಾದ ಶುರುಮಾಡೋವಾಗೆಲ್ಲ ಅವನು ಅದೇ ಹೆಸರು ಹೇಳ್ತಿದ್ದ. 'ನಮ್ಮೂರಲ್ಲಿ ಪ್ರುಯಿಟ್ ಅಂತ ಇದಾನೆ, ಅವನು ಏನಂತಾನೆ ಕೇಳಿ' ಅಂತ. ಒಂಬತ್ತು ವರ್ಷ, ಒಂದೂ ಪಂದ್ಯ ತಪ್ಪಿಸ್ಲಿಲ್ಲ. ನಿಧಾನವಾಗಿ ಏಳೋದು. ಎಲ್ಲಾ ನಿಮ್ಮದೇ ಮಾತು, ನಮಗೆ ಬಾಯಿಪಾಠ ಆಗ್ಬಿಟ್ಟಿದೆ."

ತಾನಾಡಿದ ಒಂದೊಂದು ಮಾತನ್ನೂ ಅವನು ಜೋಪಾನವಾಗಿ ಅಷ್ಟು ದೂರ ಹೊತ್ತುಕೊಂಡು ಹೋಗಿದ್ದ. ಆದರೂ ಲವೆಲ್‌ನ ಹಳೆಯ ಚಾಳಿ ಬಿಡಲಿಲ್ಲ.

"ಹಾಗಿದ್ರೆ ಈ ಬೇಸಿಗೆಯಲ್ಲಿ ನನ್ನನ್ನ ಯಾಕೆ ಅಣಕಿಸ್ದ? ಕುರ್ಚಿಯಿಂದ ಏಳೋವಾಗೆಲ್ಲ..."

ಹ್ಯಾಸ್ಕಿನ್ಸ್ ಅರ್ಲೀನ್ ಮುಖ ನೋಡಿದ. ಅವಳು ಕರವಸ್ತ್ರ ಮಡಚುತ್ತ, ಹೇಳಿ ಎನ್ನುವಂತೆ ತಲೆಯಾಡಿಸಿದಳು.

"ಈ ಸಲ ನಮ್ಮನೆಗೆ ಬಂದಾಗ ಏಳೋಕೆ ಒದ್ದಾಡ್ತಿದ್ದ. ಕೇಳ್ದೆ. ಕ್ಯಾನ್ಸರ್, ಮೂಳೆಗೆ ಇಳಿದಿದೆ ಅಂದ. ಊರಲ್ಲಿ ಯಾರಿಗೂ ಗೊತ್ತಾಗ್ಲಿಲ್ವೇನೋ ಅಂದೆ. 'ಪ್ರುಯಿಟ್ ಹೇಳ್ಕೊಟ್ಟಿದಾನಲ್ಲ' ಅಂದ. 'ಪ್ರತಿ ಸಲ ನಿಧಾನವಾಗಿ ಎದ್ರೆ ಯಾರಿಗೂ ಗೊತ್ತಾಗಲ್ಲ. ಅವನನ್ನೇ ಅಣಕಿಸ್ತಿದೀನಿ ಅಂತ ಉರಿದು ಬೀಳ್ತಾನೆ. ಬೀಳ್ಲಿ ಬಿಡು.'"

"ನಿನಗೆ ಮಾತ್ರ ಹೇಳಲೇಬೇಡ ಅಂದಿದ್ರು. ಅದಕ್ಕೇ ಹೃದಯ ಅಂತ ಹೇಳ್ದೆ," ಎಂದಳು ಅರ್ಲೀನ್. "'ಲವೆಲ್‌ಗೆ ಗೊತ್ತಾದ್ರೆ ಜಗಳ ಆಡೋದು ಬಿಟ್ಬಿಡ್ತಾನೆ, ಅಯ್ಯೋ ಪಾಪ ಅಂತ ಬ್ರೌನ್‌ನನ್ನೇ ಬಿಟ್ಕೊಟ್ಬಿಡ್ತಾನೆ' ಅಂತ."

ಕ್ಲಿಯೋಫಸ್ ತಲೆ ತಗ್ಗಿಸಿದ. ಪ್ರತಿ ಶನಿವಾರ ಎಲ್ಲರನ್ನೂ ನಗಿಸಿದವನು ಅವನೇ.

ಲವೆಲ್ ಅರ್ಲೀನ್ ಕಡೆ ತಿರುಗಿದ. "ಮನೇಲಿ ಏನಂತಿದ್ದ ಅರ್ಲೀನ್? ನಿಜವಾಗ್ಲೂ ಅವನಿಗೆ ಯಾರು ದೊಡ್ಡೋನು?"

"ಮನೆ ಟೀವೀಲಿ ಫುಟ್‌ಬಾಲ್ ಹಾಕೋಕೇ ಬಿಡ್ತಿರ್ಲಿಲ್ಲ. ತಲೆನೋವು ಅಂತಿದ್ರು."

ಇದನ್ನು ನಂಬಬೇಕೋ ಬಿಡಬೇಕೋ ಲವೆಲ್‌ಗೆ ತಿಳಿಯಲಿಲ್ಲ. ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಮನೆಗೆ ಹೋಗುವ ಹೊತ್ತು. ಒಂದು ಕೈಯನ್ನು ಮಂಡಿಗೆ ಊರಿ, ತಲೆ ತಗ್ಗಿಸಿ, ಇಂಚಿಂಚಾಗಿ ಏಳತೊಡಗಿದ. ಆ ಕಡೆಯ ಮೇಜಿನಿಂದ ಅಂಗಡಿಯ ಹುಡುಗನೊಬ್ಬ, "ನೋಡ್ರೋ, ಇನ್ನೊಬ್ಬ ಜಿಮ್ ಬ್ರೌನ್," ಎಂದು ನಕ್ಕ. ಕ್ಲಿಯೋಫಸ್ ನಗಲಿಲ್ಲ. ಲವೆಲ್‌ನ ತಗ್ಗಿದ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದ, ನೋವಾಗಿದೆಯೋ ಇಲ್ಲವೋ ಎಂದು. ಹ್ಯಾಸ್ಕಿನ್ಸ್ ಹಿಡಿಯಲು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ. ಲವೆಲ್ ಇನ್ನೂ ಏಳುತ್ತಲೇ ಇದ್ದ.