ತೊಮಿಕೊ ಕೇಳದ ವರ

"ನನ್ನ ಗೆಲ್ಲಿಸು ಅಂತ ಕೇಳಲ್ಲ ಯಜಮಾನ್ರೇ," ಎಂದು ತೊಮಿಕೊ ಹಚಿಮಾನ್ ದೇವರ ಗುಡಿಯ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

ಮೇಯರ್ ಚುನಾವಣೆಯ ಪ್ರಚಾರ ಶುರುವಾಗುವ ಬೆಳಿಗ್ಗೆ. ಒಳಗೆ ಅರ್ಚಕರು ವಿಜಯಪ್ರಾರ್ಥನೆಗೆ ಸಿದ್ಧರಾಗಿ ಕೂತಿದ್ದರು. ಹೊರಗೆ ಬಂದರುಕೇರಿಯ ನಲವತ್ತು ಜನ ಕಾಯುತ್ತಿದ್ದರು. ಆ ಕೇರಿಯ ಮುನ್ನೂರು ಓಟು ಮೀನುಗಾರರ ಸಂಘದ ಯಜಮಾನ ಯೊಸಾಬುರೊ ಬೆರಳು ತೋರಿಸಿದ ಕಡೆ ಬೀಳುತ್ತವೆ ಎಂದು ಊರೇ ನಂಬಿತ್ತು. ಯೊಸಾಬುರೊ ಎಲ್ಲರಿಗಿಂತ ಹೆಚ್ಚು ನಂಬಿದ್ದ. ಆ ಓಟುಗಳಿಲ್ಲದೆ ಚುನಾವಣೆಗೆ ನಿಂತಿದ್ದ ಮಾಜಿ ನರ್ಸಮ್ಮ ತೊಮಿಕೊ ಗೆಲ್ಲುವಂತಿರಲಿಲ್ಲ.

"ಪೂಜೆ ಮಾಡಿಸ್ದೆ ಪ್ರಚಾರಕ್ಕೆ ಹೊರಟೋರು ಈ ಊರಲ್ಲಿ ಯಾರಿದ್ದಾರೆ? ತಲೆ ನೆಟ್ಟಗಿದ್ಯೇನಮ್ಮಾ?" ಯೊಸಾಬುರೊ ರೇಗಿದ.

"ನೆಟ್ಟಗೇ ಇದೆ. ನಮ್ಮದು ಅಮಿದ ಬುದ್ಧನ್ನ ನಂಬಿದ ಮನೆ. ಅವನ ಹೆಸರು ಹೇಳೋದು ಉಪಕಾರ ನೆನೆಯೋಕೆ, ವರ ಕೇಳೋಕಲ್ಲ. ನಮ್ಮಮ್ಮ ನನ್ನ ಪರೀಕ್ಷೆಗೂ ಒಂದು ತಾಯತ ತರಲಿಲ್ಲ."

"ಅಮಿದ ಬಂದು ಓಟು ಹಾಕಲ್ಲ!" ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

"ಹಚಿಮಾನ್ ದೇವ್ರೂ ಹಾಕಲ್ಲಪ್ಪಾ. ಇನ್ನೊಂದು ಗಂಟೆಗೆ ಮಿಜೊಹಾತ ಅವ್ರೂ ಇದೇ ಪೂಜೆಗೆ ಬರ್ತಾರೆ. ಎದುರಾಳಿ ಆದ್ರೇನು, ಅವ್ರೂ ಇದೇ ಗುಡಿ ಒಕ್ಕಲು. ನನ್ನ ಗೆಲ್ಲಿಸು ಅಂದ್ರೆ ಅವ್ರನ್ನ ಸೋಲಿಸು ಅಂತ ತಾನೇ? ನಾಳೆ ಗೆದ್ರೆ ಅವ್ರ ಮನೆ ಮುಂದಿನ ಚರಂಡಿನೂ ನಾನೇ ರಿಪೇರಿ ಮಾಡಿಸ್ಬೇಕು."

ಈ ಸಲ ಅವಳ ಮಾತಿಗೆ ನಕ್ಕ ತನ್ನ ಕೇರಿಯವರನ್ನು ಕಂಡು ಯೊಸಾಬುರೊವಿನ ಮುಖ ಕೆಂಪಾಯಿತು. "ಹಾಗಾದ್ರೆ ನಮ್ ಕೇರಿಯೋರು ಮನೆಗೆ ಹೋಗ್ತಾರೆ."

"ಹೋಗ್ಲಿ. ಕೇರಿ ಮೂಲೆಮೂಲೇಲಿ ನಿಂತು ಕೇಳ್ತೀನಿ. ವರ ಕೊಡೋರು ಅವ್ರು."

ತೊಮಿಕೊಗೆ ಹಿಂದೆಗೆಯುವ ಮನಸ್ಸಿರಲಿಲ್ಲ. ಒಳಗೆ ಹೋಗಿ ತಲೆಬಾಗಿದಳು. "ನನ್ನ ಹೆಸರು ಬೇಡ. ಸಮುದ್ರಕ್ಕೆ ಹೋದೋರೆಲ್ಲ ವಾಪಸ್ ಬರ್ಲಿ ಅಂತ ಪ್ರಾರ್ಥನೆ ಓದಿ, ಸಾಕು," ಎಂದು ಅರ್ಚಕರಿಗೆ ಹೇಳಿದಳು. ಒಂದೇ ದೇವರ ಮುಂದೆ ಒಂದೇ ದಿನ ಎರಡು ತದ್ವಿರುದ್ಧ ಅರ್ಜಿ ಹಿಡಿದು ಕೂತಿದ್ದ ಅರ್ಚಕರು ನಿರಾಳರಾಗಿ, ಮನಸಾರೆ ಓದಿದರು.

ಅವಳು ಹೊರಗೆ ಬಂದಾಗ ನಲವತ್ತು ಜನವೂ ಅಲ್ಲೇ ಇದ್ದರು; ಸಮುದ್ರದ ಮಾತು ಕಿವಿಗೆ ಬಿದ್ದಿತ್ತು. ಯೊಸಾಬುರೊ ಕೆಮ್ಮಿ, ಪ್ರಚಾರದ ವ್ಯಾನಿನ ಬಾಗಿಲು ತೆರೆದ.

"ಹತ್ತಮ್ಮಾ. ಮೊದಲು ನಮ್ಮನೆ ಎದುರಿಗೆ ನಿಲ್ಸಿ ಮಾತಾಡು."

"ನಿಮ್ಮನೆ ಎದುರಿಗ್ಯಾಕೆ?"

ಅವನು ದನಿ ತಗ್ಗಿಸಿದ. "ನಮ್ಮೋಳು ಯಾರಿಗೆ ಹಾಕ್ತಾಳೆ ಅಂತ ಮೂವತ್ತು ವರ್ಷದಿಂದ ನನ್ ಹತ್ರಾನೂ ಬಾಯಿ ಬಿಟ್ಟಿಲ್ಲ."

ವ್ಯಾನು ಬಂದರುಕೇರಿಗೆ ತಿರುಗಿ ನಿಂತಿತು. ಮೈಕಿನ ಸದ್ದಿಗೆ ಯೊಸಾಬುರೊವಿನ ಹೆಂಡತಿ ಮೀನು ಹೆಚ್ಚುವ ಚಾಕು ಕೆಳಗಿಟ್ಟು, ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಗಂಡನ ಕಡೆ ನೋಡಲೇ ಇಲ್ಲ.