ನರ್ಸಕ್ಕನ ಸಿಮೆಂಟಿನ ಬಾತುಕೋಳಿ

ನರ್ಸಕ್ಕನಿಗೆ ಯಾವ ವಸ್ತುವನ್ನೂ ಸುಮ್ಮನೆ ನೋಡಲು ಬರುತ್ತಿರಲಿಲ್ಲ. ಕೈಯಿಟ್ಟು ಒಮ್ಮೆ ಅಲುಗಾಡಿಸಿಯೇ ತೀರಬೇಕು. ಗೇಟಿನ ಚಿಲಕ, ಮೆಟ್ಟಿಲ ಕಟಕಟೆ, ಅವರ ಮಹಡಿಗೆ ನಾನು ಬಾಡಿಗೆಗೆ ಬಂದ ದಿನ ಹೊತ್ತು ತಂದ ಪುಸ್ತಕದ ಕಪಾಟು, ಎಲ್ಲವೂ ಆ ಪರೀಕ್ಷೆಗೆ ಒಳಪಟ್ಟವೇ. ರೋಗಿಗಳು ಉರುಳಿ ಬೀಳದಂತೆ ಮಂಚದ ಅಡ್ಡಕಂಬಿಗಳನ್ನು ಜಗ್ಗಿ ನೋಡುತ್ತ ವಾರ್ಡುಗಳಲ್ಲಿ ಕಳೆದ ಆಯುಷ್ಯ ಅವರ ಬೆರಳುಗಳಲ್ಲಿ ಆ ಸಂಶಯವನ್ನು ಶಾಶ್ವತವಾಗಿ ನೆಲೆಗೊಳಿಸಿತ್ತು. ನಿವೃತ್ತಿಯ ನಂತರವೂ ಬಿಳಿಯ ಕ್ಯಾನ್ವಾಸ್ ಬೂಟು, ತುಸು ಎಡಕ್ಕೆ ವಾಲಿದ ಬಿರುನಡಿಗೆ, ಮಾತಿನ ತುದಿಗೊಂದು "ಗೊತ್ತಾಯ್ತಾ?" ಹಾಗೇ ಉಳಿದಿದ್ದವು.

ಜೊತೆಗಿದ್ದವರು ಅವರ ತಮ್ಮ. ಒಂದು ಕಾಲಕ್ಕೆ ಉದ್ಯಾನಗಳಿಗೆ ಸಿಮೆಂಟಿನ ಪ್ರಾಣಿಪಕ್ಷಿಗಳನ್ನು ಮಾಡುತ್ತಿದ್ದವರು. ಕಾಯಿಲೆಯಿಂದ ಕೈನಡುಕ ಹತ್ತಿದ ಮೇಲೆ ಚಹಾದ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಮನೆಮುಂದಿನ ತೋಟದ ಕೊಕ್ಕರೆ, ಆಮೆ, ಕತ್ತು ಹಿಂದಕ್ಕೆ ತಿರುಗಿಸಿ ರೆಕ್ಕೆ ಕೆದಕುವ ಬಾತುಕೋಳಿ, ಇವೆಲ್ಲ ಆ ಕೈ ನೆಟ್ಟಗಿದ್ದ ದಿನಗಳವು. ಒಂದು ಬೆಳಿಗ್ಗೆ ನೋಡಿದರೆ ಬಾತುಕೋಳಿ ಇಲ್ಲ. ಅದು ಕೂತಿದ್ದಲ್ಲಿ ಹುಲ್ಲು ಹಳದಿಯಾಗಿತ್ತು, ಅಷ್ಟೆ.

"ಹೋಗ್ಲಿ ಬಿಡಕ್ಕ" ಎಂದರು ತಮ್ಮ.

"ಹೋಗ್ಲಿ ಅನ್ನೋಕೆ ಇನ್ನೊಂದು ಮಾಡ್ತೀಯೇನೋ?" ಎಂದು ಬಾಯಿ ಜಾರಿ ಅಂದುಬಿಟ್ಟ ಅಕ್ಕ, ತಮ್ಮನ ಮುಖ ನೋಡಿ ಸರಕ್ಕನೆ ಒಳಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಗುದ್ದಲಿ ಹಿಡಿದು ಹೊರಬಂದಿದ್ದರು. ಕೊಕ್ಕರೆಯ ಪೀಠಕ್ಕೆ ತೂತು ಕೊರೆಸಿ, ಕಬ್ಬಿಣದ ಸರಳು ತೂರಿಸಿ, ಅದರ ಬುಡವನ್ನು ನೆಲದೊಳಗೆ ಕಾಂಕ್ರೀಟಿನಲ್ಲಿ ಹೂತರು. ಆಮೆಯ ಹೊಟ್ಟೆಯಡಿ ಕೊಂಡಿ ಕೂಡಿಸಿ, ಮರದ ಬುಡದಿಂದ ಸರಪಳಿ ಎಳೆದು, ಮೇಲೆ ಮಣ್ಣು ಮುಚ್ಚಿದರು. ಹೆಜ್ಜೆಯಿಟ್ಟರೆ ಸದ್ದಾಗಲೆಂದು ಸುತ್ತ ಜಲ್ಲಿ ಹರವಿದರು. ಕೊಂಬೆಯ ಗಾಳಿಗಂಟೆಯನ್ನಂತೂ ತಂತಿಯಿಂದ ಎಷ್ಟು ಬಿಗಿದರೆಂದರೆ, ಆಮೇಲೆ ಬಿರುಗಾಳಿಗೂ ಅದು ತುಟಿಪಿಟಕ್ಕೆನ್ನಲಿಲ್ಲ.

"ಅಕ್ಕಾ, ನನ್ನನ್ನೂ ಕುರ್ಚಿಗೆ ಕಟ್ಟಿಬಿಡು. ಯಾರಾದ್ರೂ ಹೊತ್ಕೊಂಡು ಹೋದಾರು."

"ನಿನ್ನ ಹೊತ್ಕೊಂಡು ಹೋದೋರು ಸಂಜೆಯೊಳಗೆ ವಾಪಸ್ ತಂದು ಬಿಡ್ತಾರೆ, ಸುಮ್ನಿರು."

ಸಿಮೆಂಟಿನ ಗೊಂಬೆಗಳಿಗೆ ಇಷ್ಟೆಲ್ಲ ಬಂದೋಬಸ್ತೇಕೆಂಬ ಕುತೂಹಲ ತಡೆಯಲಾರದೆ ನಾನೊಮ್ಮೆ ಕೇಳಿಯೇಬಿಟ್ಟೆ. ಅವರು ಸಿಮೆಂಟು ಕಲಸುವುದನ್ನು ನಿಲ್ಲಿಸದೆ, "ಎದ್ದ ತಕ್ಷಣ ಅವನು ಕಿಟಕಿ ಆಚೆ ನೋಡ್ತಾನೆ. ಏನೂ ಇಲ್ದಿದ್ರೆ ಏನು ನೋಡ್ಬೇಕು? ಗೊತ್ತಾಯ್ತಾ?" ಎಂದರು.

ಕೆಲವು ತಿಂಗಳ ಮೇಲೆ, ಸಂಜೆ ನಾವು ಮೂವರೂ ನಡೆಯುತ್ತಿದ್ದಾಗ, ಹಿಂದಿನ ಬೀದಿಯ ದರ್ಜಿಯ ಮನೆಮುಂದೆ ತಮ್ಮ ಗಕ್ಕನೆ ನಿಂತರು. ಅಂಗಳದಲ್ಲಿ ಬಾತುಕೋಳಿ ಕೂತಿತ್ತು. "ಆ ಕತ್ತು ತಿರುಗಿಸಿದ್ದು ನಾನೇ."

ಹೊರಬಂದ ದರ್ಜಿ ವಿಷಯ ತಿಳಿದು ಕುಗ್ಗಿಹೋದ. ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡದ್ದಂತೆ. "ಕದ್ದ ಮಾಲು ಅಂತ ಗೊತ್ತಿರ್ಲಿಲ್ಲ. ತಗೊಂಡು ಹೋಗಿ. ಕೊಕ್ಕು ಮುರಿದಿತ್ತು, ನಾನೇ ಅಂಟಿಸ್ದೆ, ಅಷ್ಟು ಚೆನ್ನಾಗಿ ಬಂದಿಲ್ಲ."

ತಮ್ಮ ಕುಕ್ಕರುಗಾಲಲ್ಲಿ ಕೂತು, ನಡುಗುವ ಬೆರಳಿಂದ ಕೊಕ್ಕನ್ನು ಸವರಿದರು. "ಮರಳು ಜಾಸ್ತಿಯಾಗಿದೆ. ಆದ್ರೆ ಕೊಕ್ಕಿನ ವಾರೆ ಸರಿಯಾಗಿ ಹಿಡಿದಿದ್ದೀರಿ. ಏನು ಕಲಸಿದ್ರಿ?" ಅಲ್ಲಿಂದ ಮಾತು ಹತ್ತಿತು. ಕಾಯಿಲೆ ಬಿದ್ದಾಗಿನಿಂದ ಕಸುಬಿನ ಹೆಸರೆತ್ತದಿದ್ದ ಮನುಷ್ಯ ಕತ್ತಲಾಗುವವರೆಗೂ ಗಾರೆಯ ಹದ, ತಂತಿಯ ಅಸ್ಥಿಪಂಜರ, ರೆಕ್ಕೆಯ ಗೀರುಗಳನ್ನು ಕುರಿತು ಮಾತಾಡಿದರು, ಕಡೆಗೆ, "ಇದು ಇಲ್ಲೇ ಇರ್ಲಿ ಅಕ್ಕ. ನಾನು ಬಂದು ನೋಡ್ಕೊಂಡು ಹೋಗ್ತೀನಿ" ಎಂದರು.

ನರ್ಸಕ್ಕ ಸೀದಾ ಮುಂದೆ ಬಂದರು. ಬಾತುಕೋಳಿಯ ಕತ್ತು ಹಿಡಿದು ಜಗ್ಗಿದರು. ಅದು ನೆಲ ಬಿಟ್ಟು ಸಲೀಸಾಗಿ ಕೈಗೆ ಬಂತು. ದರ್ಜಿಯ ಕಡೆ ತಿರುಗಿ ಗದರಿದರು: "ಹೀಗಾ ಇಡೋದು? ಯಾರಾದ್ರೂ ಕದ್ಕೊಂಡು ಹೋದ್ರೆ?"

ಮರುದಿನ ಸರಳು ಹಿಡಿದು ಅವರು ಮುಂದೆ, ಸಿಮೆಂಟಿನ ಬಕೆಟ್ಟು ಹೊತ್ತು ನಾನು ಹಿಂದೆ. ದರ್ಜಿಯ ಅಂಗಳದಲ್ಲಿ ಬಾತುಕೋಳಿಯನ್ನು ತಾವೇ ಗಟ್ಟಿಯಾಗಿ ನೆಟ್ಟುಬಂದರು. ಅಂದಿನಿಂದ ಸಂಜೆಯಾದರೆ ಆ ಮನೆಯಲ್ಲೇ ತಮ್ಮ. ಇವರು ಹೇಳುವುದು, ದರ್ಜಿ ಗಾರೆ ಮೆತ್ತುವುದು.

ಇಂಥವರನ್ನು ಜಿಪುಣರೆಂದೋ ಸಂಶಯಪ್ರಾಣಿಗಳೆಂದೋ ನಗುವುದು ಸುಲಭ, ಅವರ ಜೊತೆ ಬಾಳುವುದು ಕೆಲವೊಮ್ಮೆ ಉಸಿರುಗಟ್ಟಿಸುವುದೂ ನಿಜ. ಆದರೆ ನನ್ನದು, ನಿನ್ನದು ಎಂಬ ಗೆರೆ ಅವರ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಾಣಿಸುವುದಿಲ್ಲವೇನೋ. ಜೋಪಾನ ಮಾಡಬೇಕಾದದ್ದೊಂದು ಎದುರಿಗೆ ಬಿದ್ದರೆ ಸಾಕು, ಅದು ಯಾರ ಅಂಗಳದಲ್ಲಿದೆಯೆಂದು ಕೇಳುವ ಮೊದಲೇ ಅವರು ಸೆರಗು ಸಿಕ್ಕಿಸಿರುತ್ತಾರೆ.